ಸೋಮನಿಗೆ ಸಾಂದರ್ಭಿಕ ರಜೆ

ಕಡೂರಿನ ನಮ್ಮ ಜಾನಪದ ವಸ್ತುಸಂಗ್ರಹಾಲಯದಲ್ಲಿ ವಿವೇಕಕ್ಕೆ ಹೊಂದುವಂಥದ್ದು ಏನಾದರೂ ನಡೆದರೆ ಅದನ್ನು ಬರೆದಿಡಬೇಕೆಂದು ಕೆಲಸಕ್ಕೆ ಸೇರಿದ ದಿನ ನಿಶ್ಚಯಿಸಿದ್ದೆ. ಈವರೆಗೆ ಅಂಥ ಸಂದರ್ಭ ಒದಗಿಲ್ಲ. ಆದ್ದರಿಂದ ಉಳಿದದ್ದನ್ನು ಬರೆಯುತ್ತಿದ್ದೇನೆ. ಅದಕ್ಕೆ ಕೊರತೆಯಿಲ್ಲ, ಕಚೇರಿಯ ವೇಳೆಯಲ್ಲಿ ಅದು ತಪ್ಪದೆ ನಡೆಯುತ್ತಲೇ ಇರುತ್ತದೆ.

ಸಂಗ್ರಹಾಲಯವೆಂದರೆ ಹಳೆಯ ಅಮಲ್ದಾರ್ ಕಚೇರಿಯ ಒಂದು ಹಜಾರ. ಅದರಲ್ಲಿ ತೊಗಲುಗೊಂಬೆಗಳು, ವೀರಗಾಸೆಯ ಕತ್ತಿ, ಮೊಹರಂ ಹಬ್ಬದಲ್ಲಿ ಹುಲಿವೇಷದವರು ಕಟ್ಟಿಕೊಳ್ಳುತ್ತಿದ್ದ ಹುಲಿಯ ತಲೆ, ಬಿದಿರಿನ ಗಾರುಡಿ ಗೊಂಬೆ ಮತ್ತು ಯಾರು ತಂದಿಟ್ಟರೆಂದು ತಿಳಿಯದ ಒಂದು ಟೈಪ್‌ರೈಟರ್ ಇವೆ. ನಾನು ಜಾನಪದದಲ್ಲಿ ಎಂ.ಎ. ಮಾಡಿದ್ದೇನೆ. ಮನೆ ತರೀಕೆರೆ, ಮನೆಯೊಳಗೆ ದಖ್ಖನಿ, ಹೊಸ್ತಿಲಾಚೆ ಕನ್ನಡ. ಹುದ್ದೆ ಮಾರ್ಗದರ್ಶಿ, ಗುತ್ತಿಗೆ ಆಧಾರದ ಮೇಲೆ. ಬಾಗಿಲಲ್ಲಿ ನಿಂತರೆ ಎಲ್ಲವೂ ಕಾಣುವ ಒಂದೇ ಕೋಣೆಯಲ್ಲಿ ಜನರಿಗೆ ಮಾರ್ಗ ತೋರಿಸುವುದು ನನ್ನ ಕರ್ತವ್ಯ.

ನನ್ನ ಮೇಲಧಿಕಾರಿಗಳು ಬೇರೊಂದು ಇಲಾಖೆಯಿಂದ ಬಂದವರು, ನಿವೃತ್ತಿಯ ಅಂಚಿನಲ್ಲಿದ್ದವರು. ಸೇವಾ ನಿಯಮಗಳೆಲ್ಲ ಅವರಿಗೆ ಬಾಯಿಪಾಠ. ಜನಪದ ಕಲೆಯ ವಿಷಯದಲ್ಲಿ ಅವರಿಗೆ ತಿಳಿದಿದ್ದದ್ದು ಒಂದೇ ಸಂಗತಿ: ಅದನ್ನು ಮುಟ್ಟಬಾರದು.

ಮೈಕಿನ ಮುಂದೆ ಮರ್ಯಾದೆ

ಸಂಗ್ರಹಾಲಯದ ಉದ್ಘಾಟನೆಗೆ ಅಜ್ಜಂಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಸೋಮನ ಕುಣಿತದ ತಂಡವನ್ನು ಕರೆಸಿದ್ದರು. ಸೋಮ ಗ್ರಾಮದೇವತೆಯ ಕಾವಲಿನವನು. ಮರದಲ್ಲಿ ಕೆತ್ತಿದ, ಮನುಷ್ಯನ ಮುಖಕ್ಕಿಂತ ಬಹಳ ದೊಡ್ಡದಾದ ಕೆಂಪು ಮುಖ. ಹೊರಚಾಚಿದ ಕಣ್ಣು, ಕೋರೆಹಲ್ಲು, ದಪ್ಪ ಮೀಸೆ. ಅದನ್ನು ತಲೆಗೆ ಕಟ್ಟಿಕೊಂಡು ಒಬ್ಬರು ಕುಣಿಯುತ್ತಾರೆ. ಆ ಊರಿನಲ್ಲಿ ಕಟ್ಟಿಕೊಳ್ಳುತ್ತಿದ್ದವರು ಒಬ್ಬ ಅಜ್ಜ. ಮುಖವಾಡದ ಹೊಣೆ ಹೊತ್ತಿದ್ದವರು ಅಜ್ಜನ ಅಣ್ಣನ ಮಗ, ಊರಿನ ಗೌಡರು.

ಕುಣಿತ ಮುಗಿದ ಮೇಲೆ ಗೌಡರನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಅತಿಥಿಗಳು ಮುಖವಾಡವನ್ನು ಬಾಯಿತುಂಬ ಹೊಗಳಿದರು. ನಮ್ಮ ಸೀಮೆಯಲ್ಲಿ ಯಾರಾದರೂ ಒಂದು ವಸ್ತುವನ್ನು ಹೊಗಳಿದರೆ ಅದು ಅವರದೇ ಎಂದುಬಿಡುವುದು ಮರ್ಯಾದೆ. ಮನೆ ಚೆನ್ನಾಗಿದೆ ಎಂದವರಿಗೆ ನಿಮ್ಮದೇ ಮನೆ ಎನ್ನುತ್ತೇವೆ; ಯಾರೂ ಹಾಸಿಗೆ ಸುತ್ತಿಕೊಂಡು ಬಂದುಬಿಡುವುದಿಲ್ಲ. ಗೌಡರೂ ಅದೇ ಮರ್ಯಾದೆಯಿಂದ ಮೈಕ್ ಹಿಡಿದು, “ಇದೇನ್ ನಮ್ದಾ ಸ್ವಾಮಿ, ನಿಮ್ದೇ ಅನ್ಕಳಿ” ಎಂದರು. ಚಪ್ಪಾಳೆ ಬಿತ್ತು.

ಅಧಿಕಾರಿಗಳು ಹಾಗೆಯೇ ಅಂದುಕೊಂಡರು.

ತಂಡದವರು ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಸೋಮ ಗಾಜಿನ ಪೆಟ್ಟಿಗೆಯೊಳಗಿದ್ದ, ಪೆಟ್ಟಿಗೆಗೆ ಬೀಗ ಬಿದ್ದಿತ್ತು. ಗೌಡರು ಸೋಮನನ್ನು ತಂದಿದ್ದ ಬುಟ್ಟಿಯನ್ನು ಖಾಲಿಯಾಗಿ ಹಿಡಿದು ಅದರ ಮುಂದೆ ನಿಂತರು. ಮೈಕಿನಲ್ಲಿ ಆಡಿದ ಮಾತನ್ನು ಮೈಕಿಲ್ಲದೆ ಹಿಂತೆಗೆದುಕೊಳ್ಳುವ ಬಗೆ ಅವರಿಗೆ ತಿಳಿಯಲಿಲ್ಲ. ಅದು ಮಾತಿಗೆ ಅಂದದ್ದೆಂದು ಸಾಹೇಬರಿಗೆ ತಿಳಿಸಬಹುದೇ ಎಂದು ನನ್ನನ್ನು ತಗ್ಗಿದ ದನಿಯಲ್ಲಿ ಕೇಳಿದರು. ನಾನು ತಿಳಿಸಿದೆ. ಅಧಿಕಾರಿಗಳು ಕನ್ನಡಕ ತೆಗೆದು ಒರೆಸಿಕೊಂಡು, “ಮಾತಿಗೆ ಅಂದಿದ್ದು ಅಂತ ಆ ಮಾತಲ್ಲೇ ಎಲ್ಲಿ ಹೇಳಿದಾರೆ?” ಎಂದರು.

ಫಲಕ

ಪ್ರತಿಯೊಂದು ವಸ್ತುವಿಗೂ ಕೆಳಗೊಂದು ಫಲಕ ಇರಬೇಕು. ಸೋಮನ ಬಗ್ಗೆ ನಾನು ನಾಲ್ಕು ಸಾಲು ಬರೆದೆ. ಅವನು ಯಾರ ಕಾವಲಿನವನು, ಯಾವಾಗ ಕುಣಿಯುತ್ತಾನೆ, ಮದುವೆಯ ಮನೆಗೆ ಏಕೆ ಬರುತ್ತಾನೆ ಎಂಬುದೆಲ್ಲ ಅದರಲ್ಲಿತ್ತು. ಅಧಿಕಾರಿಗಳು ಮೊದಲ ಸಾಲನ್ನು ಧಾರ್ಮಿಕವೆಂದು ಹೊಡೆದುಹಾಕಿದರು, ಎರಡನೆಯದನ್ನು ಖಚಿತವಲ್ಲವೆಂದು, ಮೂರನೆಯದನ್ನು ಖಾಸಗಿ ಸಮಾರಂಭಗಳಿಗೆ ಸಂಬಂಧಿಸಿದ್ದೆಂದು. ನಾಲ್ಕನೆಯದರಲ್ಲಿ ನನ್ನ ಅಭಿಪ್ರಾಯವಿತ್ತು. ಅದನ್ನು ಹೊಡೆಯಲು ಕಾರಣ ಕೊಡುವ ಅಗತ್ಯ ಅವರಿಗೆ ಕಾಣಲಿಲ್ಲ. ಉಳಿದದ್ದು ಇಷ್ಟು: “ಮರದ ಮುಖವಾಡ. ಮುಟ್ಟಬಾರದು.”

ಕೆಲವು ದಿನಗಳ ನಂತರ ಸೋಮನನ್ನು ನೋಡಿಕೊಂಡು ಹೋಗಲು ಅಜ್ಜ ಬಂದರು. ಚಪ್ಪಲಿ ಹೊರಗೆ ಬಿಟ್ಟು ಒಳಬಂದು, ಗಾಜಿನ ಮುಂದೆ ಬಹಳ ಹೊತ್ತು ನಿಂತು, ಕೆಳಗೆ ಏನು ಬರೆದಿದೆ ಓದಿ ಎಂದರು. ಓದಿದೆ. ಇಷ್ಟೇನಾ ಎಂದರು. ಇಷ್ಟೇ ಎಂದೆ. ಅವರು ಸುತ್ತಲೂ ನೋಡಿದರು. ಎದುರು ಗೋಡೆಯಲ್ಲಿ ಉದ್ಘಾಟನೆಯ ದಿನ ತೆಗೆಸಿದ ಅಧಿಕಾರಿಗಳ ದೊಡ್ಡ ಭಾವಚಿತ್ರವಿತ್ತು. ಅದರ ಕೆಳಗೆ ಹೆಸರು, ಪದವಿ, ಹುದ್ದೆ, ಹಿಂದಿನ ಹುದ್ದೆಗಳು ಎಲ್ಲ ಇದ್ದವು. ಅದನ್ನೂ ಓದಿಸಿ ಕೇಳಿದರು.

“ಅದ್ರಲ್ಲಿ ಬಾಳ ಬರ್ದವ್ರೆ,” ಎಂದರು ಅಜ್ಜ. “ಒಂದೇ ತರ ಇರ್ಲಿ ಸಾಬ್ರೇ. ಅಲ್ಲೂ ‘ಮಾಂಸದ ಮುಖ, ಮುಟ್ಟಬಾರದು’ ಅಂತ ಬರ್ದ್‌ಬಿಡಿ.”

ಕೆಂಪು ಸಿಲಿಂಡರ್

ಆ ಊರಿನಿಂದ ಜನ ಬರುವುದು ಹೆಚ್ಚಿತು. ಬಂದವರು ಹೂ, ಕುಂಕುಮ, ಬಾಳೆಹಣ್ಣು ತರುತ್ತಿದ್ದರು. ಗಾಜಿನ ಪೆಟ್ಟಿಗೆಯ ಮುಂದೆ ಏನನ್ನೂ ಇಡಕೂಡದೆಂದು ಅಧಿಕಾರಿಗಳು ಆಜ್ಞೆ ಮಾಡಿದರು. ಜನ ವಾದ ಮಾಡಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ಬೆಂಕಿ ನಂದಿಸುವ ಕೆಂಪು ಸಿಲಿಂಡರ್ ಇತ್ತು; ಬಣ್ಣ ಹೊಂದುತ್ತಿತ್ತು, ಅದೂ ಕಾವಲಿಗೆ ನಿಂತದ್ದೇ. ಸೋಮನಿಗೆ ಸಲ್ಲಬೇಕಾದದ್ದನ್ನೆಲ್ಲ ಅದಕ್ಕೆ ಸಲ್ಲಿಸತೊಡಗಿದರು. ಅದರ ಹಿಡಿಕೆಗೆ ಮಲ್ಲಿಗೆ ದಂಡೆ ಬಂತು, ಹೊಟ್ಟೆಗೆ ಮೂರು ಬೆರಳು ವಿಭೂತಿ ಬಂತು.

ಸುರಕ್ಷತೆಯ ಪರಿಶೀಲನೆಗೆ ಒಬ್ಬ ಇನ್‌ಸ್ಪೆಕ್ಟರ್ ಬಂದರು. ಅಧಿಕಾರಿಗಳಿಗೆ ಇನ್ನು ಉಳಿಗಾಲವಿಲ್ಲವೆಂದು ನಾನು, ಒಳಗೊಳಗೆ ಸಂತೋಷಪಡುತ್ತಲೇ, ಅವರನ್ನು ಸಿಲಿಂಡರಿನ ಮುಂದೆ ನಿಲ್ಲಿಸಿದೆ. ಅವರು ಅದನ್ನು ದಿಟ್ಟಿಸಿದರು, ಷೂ ಬಿಚ್ಚಿದರು, ಕೈಮುಗಿದರು, ಒಂದು ಬಾಳೆಹಣ್ಣು ತೆಗೆದುಕೊಂಡರು. ಹೊರಡುವಾಗ ಅಧಿಕಾರಿಗಳಿಗೆ, ತಾವು ನೋಡಿದ ಕಚೇರಿಗಳಲ್ಲೆಲ್ಲ ಬೆಂಕಿಯ ವಿಷಯದಲ್ಲಿ ಇಷ್ಟು ಭಯಭಕ್ತಿ ಇರುವುದು ಇಲ್ಲಿ ಮಾತ್ರ ಎಂದರು.

ಗಾಜಿನ ಮೇಲಿನ ಹೂ

ಇಷ್ಟರವರೆಗಿನದು ನಗುವ ವಿಷಯ. ನಂತರ ಗೌಡರ ಮಗಳ ಮದುವೆ ಗೊತ್ತಾಯಿತು.

ಅವರ ಮನೆಯ ಪದ್ಧತಿಯಂತೆ ಸೋಮ ಅಂಗಳಕ್ಕೆ ಬಂದು ಕುಣಿದು ಅಪ್ಪಣೆ ಕೊಡುವ ತನಕ ಅರಿಶಿನ ಕುಟ್ಟುವಂತಿಲ್ಲ, ಚಪ್ಪರದ ಕಂಬ ನೆಡುವಂತಿಲ್ಲ. ಗೌಡರು ಇದನ್ನು ಮೊದಲೇ ಯೋಚಿಸಿ ಹೊಸದೊಂದು ಮುಖವಾಡ ಕೆತ್ತಿಸಿದ್ದರು. ಆದರೆ ಗ್ರಾಮದೇವತೆಯ ಮುಂದೆ ಹೂ ಕೇಳಿದಾಗ ಅದು ಎಡಕ್ಕೆ ಬಿತ್ತು. ವಿಗ್ರಹದ ಹಣೆಗೆ ನೀರಿನಲ್ಲಿ ಹೂ ಅಂಟಿಸಿ ಪ್ರಶ್ನೆ ಕೇಳುತ್ತಾರೆ. ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಹಳೆಯವನು ಇರುವಾಗ ಹೊಸಬನು ಹೇಗೆ ಎಂಬುದು ತಾಯಿಯ ಆಕ್ಷೇಪವೆಂದು ಹಿರಿಯರು ಅರ್ಥ ಹೇಳಿದರು. ಮದುವೆ ಒಮ್ಮೆ ಮುಂದೆ ಹೋಯಿತು. ಗಂಡಿನವರು ಯಗಟಿಯವರು; ಇನ್ನೊಮ್ಮೆ ಮುಂದೂಡಿದರೆ ಬೇರೆ ಕಡೆ ಹೆಣ್ಣು ನೋಡುವುದಾಗಿ ಹೇಳಿ ಕಳಿಸಿದರು.

ಹೀಗಾಗಿ ಗೌಡರು ಹತ್ತಾರು ಜನರೊಂದಿಗೆ, ಎಲ್ಲರಿಗೂ ಪ್ರವೇಶದ ಟಿಕೆಟ್ ಪಡೆದು, ತಟ್ಟೆಯಲ್ಲಿ ವೀಳ್ಯ ಹಿಡಿದು ಸಂಗ್ರಹಾಲಯಕ್ಕೆ ಬಂದರು. ಸೋಮನನ್ನು ಮೂರು ದಿನದ ಮಟ್ಟಿಗೆ ಕಳಿಸಿಕೊಡಬೇಕೆಂದು ಕೇಳಿದರು. ಪ್ರದರ್ಶನದ ವಸ್ತುವನ್ನು ಹೊರಗೆ ಕಳಿಸುವುದಕ್ಕೆ ನಿಯಮವಿಲ್ಲವೆಂದರು ಅಧಿಕಾರಿಗಳು. ಹೋಗಲಿ, ನಮ್ಮ ಹೊಸ ಸೋಮನಿಗೆ ನಿನ್ನ ಒಪ್ಪಿಗೆ ಇದೆಯೇ ಎಂದು ಅವನನ್ನೇ ಒಂದು ಮಾತು ಕೇಳಿಕೊಳ್ಳುತ್ತೇವೆ, ಗಾಜು ತೆಗೆಸಿ ಎಂದರು ಗೌಡರು. ಗಾಜು ತೆಗೆಯುವುದಕ್ಕೂ ನಿಯಮವಿರಲಿಲ್ಲ.

ಅಜ್ಜ ಸ್ವಲ್ಪ ಯೋಚಿಸಿ, ಹೂವನ್ನು ನೀರಿನಲ್ಲಿ ಅದ್ದಿ, ಸೋಮನ ಹಣೆಗೆ ಸರಿಯಾಗಿ ಗಾಜಿನ ಹೊರಮೈಗೆ ಅಂಟಿಸಿದರು. ಎಲ್ಲರೂ ಉಸಿರು ಹಿಡಿದರು. ಗಾಜು ನುಣುಪು. ಹೂ ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ಮೂಗಿನ ನೇರಕ್ಕೆ ಜಾರುತ್ತ ಬಂದು “ಮುಟ್ಟಬಾರದು” ಎಂಬ ಫಲಕದ ಮೇಲೆ ನಿಂತಿತು.

ಇದರ ಅರ್ಥವೇನೆಂದು ಚರ್ಚೆ ಹತ್ತಿತು. ಕೆಳಕ್ಕೆ ಇಳಿದು ಬರುತ್ತೇನೆ ಎಂಬ ಸೋಮನ ಸೂಚನೆ ಎಂದರು ಒಬ್ಬರು. ನನ್ನ ಕೈಲಿ ಏನೂ ಇಲ್ಲ ಎಂಬ ಸೂಚನೆ ಎಂದರು ಇನ್ನೊಬ್ಬರು. ಗೌಡರು ನನ್ನ ಕಡೆ ತಿರುಗಿ, ನೀವು ಇದನ್ನೇ ಓದಿದವರಲ್ಲವೇ ಎಂದರು. ಒದ್ದೆ ಗಾಜಿನ ಮೇಲೆ ಘರ್ಷಣೆ ಕಡಿಮೆ, ಆದ್ದರಿಂದ ವಸ್ತು ನೇರವಾಗಿ ಜಾರುತ್ತದೆ ಎಂದೆ. ಅದಕ್ಕಿಂತ ಸರಿಯಾದ ಉತ್ತರವನ್ನು ನಾನು ಯಾವ ಪರೀಕ್ಷೆಯಲ್ಲೂ ಬರೆದಿಲ್ಲ. ಎಲ್ಲರೂ ನನ್ನನ್ನು ಮರುಕದಿಂದ ನೋಡಿದರು.

ಅಧಿಕಾರಿಗಳು ಮಾತ್ರ ಗಂಭೀರವಾಗಿ ತಲೆಯಾಡಿಸಿದರು. ನಾಲ್ಕು ದಶಕಗಳ ಸೇವೆಯಲ್ಲಿ ಇಂಥದ್ದನ್ನು ಅವರು ಎಷ್ಟೋ ನೋಡಿದ್ದರು. “ಎಡಾನೂ ಅಲ್ಲ, ಬಲಾನೂ ಅಲ್ಲ ಅಂದ್ರೆ, ಪರಿಶೀಲನೆಯಲ್ಲಿದೆ ಅಂತ” ಎಂದರು.

ಬೀಳ್ಕೊಡುಗೆ

ಮರುವಾರ ಮದುಮಗಳು ಒಬ್ಬಳೇ ಬಂದಳು. ಅಜ್ಜಂಪುರದ ಒಂದು ಶಾಲೆಯಲ್ಲಿ ಟೀಚರ್. ಹೂ ತಂದಿರಲಿಲ್ಲ. ಸೋಮನನ್ನು ಶಾಲೆಗೆ ತಡವಾಗಿ ಬಂದ ಹುಡುಗನನ್ನು ನೋಡುವಂತೆ ನೋಡಿದಳು.

ನಾನು ಅವಳಿಗೆ ಸಮಾಧಾನ ಹೇಳಲು ಯತ್ನಿಸಿದೆ. ಆಚರಣೆಯೊಂದರ ಶಕ್ತಿ ವಸ್ತುವಿನಲ್ಲಿರುವುದಿಲ್ಲ, ಸಮುದಾಯದ ಸಮ್ಮತಿಯಲ್ಲಿರುತ್ತದೆ. ಸಮುದಾಯ ಒಪ್ಪಿದರೆ ಹೊಸ ಮುಖವಾಡವೂ ಸೋಮನೇ. ಇದನ್ನು ವಿದ್ವಾಂಸರು ಸಾಧಿಸಿ ತೋರಿಸಿದ್ದಾರೆ ಎಂದೆ. ಅವಳು ಕೊನೆಯವರೆಗೂ ತಾಳ್ಮೆಯಿಂದ ಕೇಳಿದಳು.

“ಚೆನ್ನಾಗ್ ಹೇಳಿದ್ರಿ. ಇದನ್ನೇ ಯಗಟಿಗೆ ಬಂದು ನಮ್ಮತ್ತೆ ಆಗೋರ ಮುಂದೆ ಹೇಳ್ತೀರಾ?”

ಕೊನೆಗೆ ದಾರಿ ತೋರಿಸಿದವಳು ಅವಳೇ. ಅವರ ಶಾಲೆಯಲ್ಲಿ ಹಳೆಯ ಮುಖ್ಯೋಪಾಧ್ಯಾಯರಿಗೆ ಬೀಳ್ಕೊಡುಗೆ ಆಗುವ ತನಕ ಹೊಸಬರು ಅವರ ಕುರ್ಚಿಯಲ್ಲಿ ಕೂರಲಿಲ್ಲವಂತೆ, ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದರಂತೆ. ಸೋಮನಿಗೂ ಯಾರೂ ಬೀಳ್ಕೊಡುಗೆ ಮಾಡಲಿಲ್ಲ. ಕುಣಿದು ಬೆವರಿದ್ದವನನ್ನು ಹಾಗೆಯೇ ತಂದು ಪೆಟ್ಟಿಗೆಗೆ ಹಾಕಿದ್ದಾರೆ. ಮರ್ಯಾದೆಯಿಂದ ನಿವೃತ್ತಿ ಮಾಡಿಸಿದರೆ ಹೊಸಬನಿಗೆ ದಾರಿ ಬಿಡುತ್ತಾನೆ ಎಂಬುದು ಅವಳ ವಾದ. ಊರಿನವರಿಗೆ ಇದು ಒಪ್ಪಿಗೆಯಾಯಿತು. ನನಗೆ ಆಶ್ಚರ್ಯವೆನಿಸಿದ್ದು ಅಧಿಕಾರಿಗಳೂ ಕೂಡಲೇ ಒಪ್ಪಿದ್ದು. ಬೀಳ್ಕೊಡುಗೆ ಸಮಾರಂಭಕ್ಕೆ ನಿಯಮವಿತ್ತು.

ಸಮಾರಂಭ ಕ್ರಮಬದ್ಧವಾಗಿ ನಡೆಯಿತು. ಪ್ರಾರ್ಥನೆ, ಸ್ವಾಗತ, ದೀಪ. ಗಾಜಿನ ಪೆಟ್ಟಿಗೆಗೆ ಶಾಲು ಹೊದಿಸಿದರು, ಮುಂದೆ ಹಣ್ಣಿನ ಬುಟ್ಟಿ ಇಟ್ಟರು. ಗೌಡರು ಎರಡು ಮಾತಾಡಿದರು. ಈ ಸಲ ಮೈಕನ್ನು ಒಂದು ಮಾರು ದೂರ ಹಿಡಿದಿದ್ದರು. ನಂತರ ಅಧ್ಯಕ್ಷೀಯ ಭಾಷಣ.

ಅಧಿಕಾರಿಗಳು ಸೋಮನ ಸೇವೆಯನ್ನು ಸ್ಮರಿಸಿದರು. ಬಿಸಿಲು ಮಳೆ ಎನ್ನದೆ ದುಡಿದದ್ದನ್ನು ಹೇಳಿದರು. ವರ್ಗಾವಣೆಗಳನ್ನು ಮೌನವಾಗಿ ಸಹಿಸಿದ್ದನ್ನು ಹೇಳಿದರು. ಕಿರಿಯರಿಗೆ ಬಡ್ತಿ ಸಿಕ್ಕಾಗಲೂ ಮುಖದಲ್ಲಿ ಬದಲಾವಣೆ ತೋರದಿದ್ದುದನ್ನು ಹೇಳುವಾಗ ಅವರ ದನಿ ಸ್ವಲ್ಪ ನಡುಗಿತು. ಸೋಮನಿಗೆ ಸಕ್ಕರೆ ಕಾಯಿಲೆಯಿದ್ದುದು, ಹಾಸನದಲ್ಲಿ ಬಾಡಿಗೆ ಮನೆ ಸಿಗದೆ ಪಟ್ಟ ಪಾಡು, ಮನೆಯವರ ತ್ಯಾಗ ಇವೆಲ್ಲ ಒಂದೊಂದಾಗಿ ಬಂದಾಗ ಊರಿನವರು ಮುಖ ಮುಖ ನೋಡಿಕೊಂಡರು. ಆದರೆ ಯಾರೂ ತಡೆಯಲಿಲ್ಲ. ಕೊನೆಗೆ ಅಧಿಕಾರಿಗಳು ಕಣ್ಣೊರೆಸಿಕೊಂಡು ತಾವೇ ಬೀಗ ತೆಗೆದು, ಗಾಜು ಸರಿಸಿ, ತಮ್ಮ ಕೈಯಾರೆ ಸೋಮನಿಗೆ ಹಾರ ಹಾಕಿದರು. ಹಾರ ಹಾಕುವುದಕ್ಕೂ ನಿಯಮವಿತ್ತು.

ಗಾಜು ತೆರೆದದ್ದೇ ಸಮಯವೆಂದು ಅಜ್ಜ ಹಣೆಗೆ ಹೂ ಅಂಟಿಸಿ, ಸಂತೋಷದಿಂದ ನಿವೃತ್ತನಾಗುತ್ತೀಯಾ ಎಂದು ಕೇಳಿದರು. ಹೂ ಒಂದು ಕ್ಷಣವೂ ಕಾಯದೆ ಎಡಕ್ಕೆ ಬಿತ್ತು.

ಮದುಮಗಳು ಕೈಯಲ್ಲಿದ್ದ ಹಣ್ಣಿನ ತಟ್ಟೆಯನ್ನು ನೆಲಕ್ಕಿಟ್ಟು, ಗೋಡೆಗೆ ಒರಗಿ ಕೂತಳು. ಗೌಡರು ಅವಳ ಕಡೆ ನೋಡಲಾರದೆ ಟೈಪ್‌ರೈಟರನ್ನು ನೋಡುತ್ತ ನಿಂತರು. ಅಧಿಕಾರಿಗಳು ಮಾತ್ರ ಬಿದ್ದ ಹೂವನ್ನು ಎತ್ತಿಕೊಂಡು ಕಣ್ಣಿಗೆ ಒತ್ತಿಕೊಂಡರು.

“ಯಾರಿಗೆ ತಾನೇ ಬಿಟ್ಟುಹೋಗೋಕೆ ಮನಸ್ಸು ಬರುತ್ತಪ್ಪಾ,” ಎಂದರು.

ಪ್ರಭಾರ

ಆ ಸಂಜೆ ಊರಿನವರು ಹೊರಟುಹೋದ ಮೇಲೆ ಅಧಿಕಾರಿಗಳು ಹಜಾರದಲ್ಲಿ ಅತ್ತಿಂದಿತ್ತ ಓಡಾಡಿದರು. ಬಹಳ ದಿನಗಳಿಂದ ಅವರನ್ನು ತಡೆದಿದ್ದದ್ದು ಕಲ್ಲು ಮನಸ್ಸಲ್ಲ, ನಿಯಮದ ಕೊರತೆ. ಇದ್ದಕ್ಕಿದ್ದಂತೆ ನಿಂತು, ಸೋಮ ನಿವೃತ್ತಿಗೆ ಒಪ್ಪಲಿಲ್ಲ, ಅಲ್ಲವೇ ಎಂದು ನನ್ನನ್ನು ಕೇಳಿದರು. ಒಪ್ಪಲಿಲ್ಲ ಎಂದೆ. ಹಾಗಾದರೆ ಸೇವೆಯಲ್ಲಿದ್ದಾನೆ ಎಂದರು. ಹೂವಿನ ಪ್ರಕಾರ ಹೌದು ಎಂದೆ. ಸೇವೆಯಲ್ಲಿರುವವನು ವಸ್ತುವಲ್ಲ ಎಂದರು. ವಸ್ತುವನ್ನು ಹೊರಗೆ ಕಳಿಸಲು ನಿಯಮವಿಲ್ಲ. ನೌಕರನಿಗೆ ಮನೆಯ ಮದುವೆಗೆ ಸಾಂದರ್ಭಿಕ ರಜೆ ಕೊಡಲು ಧಾರಾಳ ನಿಯಮವಿದೆ, ಕೇಂದ್ರಸ್ಥಾನ ಬಿಡುವ ಅನುಮತಿಯೂ ಅದರಲ್ಲೇ ಅಡಕವಾಗಿದೆ ಎಂದರು. ಅವರ ಮುಖದಲ್ಲಿ ನಾನು ಅಂಥ ಬೆಳಕನ್ನು ಹಿಂದೆಂದೂ ಕಂಡಿರಲಿಲ್ಲ.

ಮೂರು ದಿನ ರಜೆ ಮಂಜೂರಾಯಿತು. ಜೊತೆಗೆ ಹೋಗಿ ಬರುವ ಹೊಣೆ ನನಗೆ ಬಿತ್ತು.

ಗೌಡರೂ ಅಜ್ಜನೂ ಕರೆದೊಯ್ಯಲು ಬಂದು ಸೋಮನನ್ನು ಬುಟ್ಟಿಗೆ ಇಳಿಸುತ್ತಿರುವಾಗಲೇ ಅಧಿಕಾರಿಗಳು ಖಾಲಿ ಪೆಟ್ಟಿಗೆಯಲ್ಲಿ “ರಜೆಯ ಮೇಲಿದ್ದಾರೆ” ಎಂಬ ಹಲಗೆ ಇಟ್ಟರು. ಆಗ ಬೀರೂರಿನಿಂದ ಬಂದಿದ್ದ ಒಬ್ಬ ಪ್ರೇಕ್ಷಕರು, ನೋಡಿದರೆ ಅವರೂ ಯಾವುದೋ ಕಚೇರಿಯವರೇ, ಹಲಗೆಯನ್ನು ಓದಿದರು. ನಗಲಿಲ್ಲ, ಆಶ್ಚರ್ಯಪಡಲಿಲ್ಲ. ಯಾರು ರಜೆಯಲ್ಲಿದ್ದಾರೆ ಎಂದೂ ಕೇಳಲಿಲ್ಲ.

“ಇನ್‌ಚಾರ್ಜ್ ಯಾರು?” ಎಂದು ಕೇಳಿದರು.

“ನಾನೇ,” ಎಂದರು ಅಧಿಕಾರಿಗಳು, ಮೀಸೆ ಸರಿಮಾಡಿಕೊಂಡು.

ಕಿಟಕಿಯ ಪಕ್ಕ

ಗೌಡರು, ಅಜ್ಜ ಮತ್ತು ನಾನು ರೈಲಿನಲ್ಲಿ ಹೊರಟೆವು. ಶಿವನಿಯಲ್ಲಿ ಇಳಿದು ಹಳ್ಳಿಗೆ ಹೋಗಬೇಕು. ಸೋಮನ ಬುಟ್ಟಿಯನ್ನು ನೆಲದಲ್ಲಿಡಲು ಅಜ್ಜ ಒಪ್ಪಲಿಲ್ಲ. ಕಿಟಕಿಯ ಪಕ್ಕದ ಸೀಟಿನಲ್ಲಿಟ್ಟು ಮೇಲೆ ಕೆಂಪು ವಸ್ತ್ರ ಮುಚ್ಚಿದರು. ಬೀರೂರಿನಲ್ಲಿ ಜನ ಹತ್ತಿದರು. ದಪ್ಪನೆಯ ಒಬ್ಬ ಬುಟ್ಟಿಗೆ ಸೀಟು ಏಕೆ, ಮನುಷ್ಯರು ನಿಂತಿರುವುದು ಕಾಣುವುದಿಲ್ಲವೇ ಎಂದು ಜೋರು ಮಾಡಿದ. ಗೌಡರು ಜಗಳಕ್ಕೆ ಹೋಗದೆ, ಹಿರಿಯರು, ಮದುವೆಗೆ ಹೊರಟಿದ್ದಾರೆ ಎಂದಷ್ಟೇ ಹೇಳಿದರು. ಆ ಮನುಷ್ಯ ನಂಬದೆ ವಸ್ತ್ರದ ಅಂಚನ್ನು ಎತ್ತಿ ನೋಡಿದ. ಒಳಗಿನಿಂದ ಎರಡು ಕಣ್ಣುಗಳು ಅವನನ್ನು ನೋಡಿದವು. ವಸ್ತ್ರವನ್ನು ಮೆಲ್ಲಗೆ ಮೊದಲಿದ್ದಂತೆಯೇ ಮುಚ್ಚಿ, “ಕೂತ್ಕಳಿ, ಕೂತ್ಕಳಿ, ಪರ್ವಾಗಿಲ್ಲ” ಎಂದು ಬುಟ್ಟಿಗೆ ಹೇಳಿ ಅಜ್ಜಂಪುರದವರೆಗೂ ನಿಂತೇ ಬಂದ.

ಅಂಗಳ

ಗೌಡರ ಮನೆಯ ಮುಂದೆ ಊರೇ ನೆರೆದಿತ್ತು. ಯಗಟಿಯಿಂದ ಗಂಡಿನ ಕಡೆಯ ಹಿರಿಯರು ಇಬ್ಬರು ಬಂದು ಈರುಳ್ಳಿ ಚೀಲಗಳ ಮೇಲೆ ಕೂತಿದ್ದರು. ಅಪ್ಪಣೆ ಸಿಕ್ಕರೆ ಇಂದೇ ಚಪ್ಪರ, ಇಲ್ಲವಾದರೆ ಅವರು ಸಂಬಂಧ ಮುರಿದುಕೊಂಡು ಸಂಜೆಯ ಬಸ್ಸಿಗೆ ಹೊರಡುವವರು. ಮಣೆಯ ಮೇಲೆ ಹೊಸ ಮುಖವಾಡವಿತ್ತು; ಬಣ್ಣ ಇನ್ನೂ ಹೊಳೆಯುತ್ತಿತ್ತು, ಮೊದಲ ದಿನ ಶಾಲೆಗೆ ಬಂದ ಮಗುವಿನಂತೆ ಎಲ್ಲರನ್ನೂ ನೋಡುತ್ತಿತ್ತು. ಮದುಮಗಳು ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ಕಂಡು, ಈ ಸಲ ಘರ್ಷಣೆಯ ಮಾತು ಎತ್ತಬೇಡಿ ಎಂದು ಕೇಳಿಕೊಂಡಳು.

ಪ್ರದರ್ಶನದ ವಸ್ತುವಿಗೆ ಧಕ್ಕೆಯಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅಜ್ಜ ಸೋಮನನ್ನು ತಲೆಗೆ ಕಟ್ಟಿಕೊಂಡ ಕ್ಷಣ, ಯಾವುದು ವಸ್ತು ಎಂಬುದು ನನಗೆ ಸ್ಪಷ್ಟವಾಗಿ ಉಳಿಯಲಿಲ್ಲ. ಪೆಟ್ಟಿಗೆಯಲ್ಲಿ ನಾನು ದಿನವೂ ಧೂಳು ಹೊಡೆಯುತ್ತಿದ್ದ ಮುಖ ಇದಲ್ಲ. ಅರೆವಾದ್ಯ ಮತ್ತು ಡೋಲಿನ ಬಡಿತಕ್ಕೆ ಅದು ಕತ್ತು ಕೊಂಕಿಸಿತು, ನೆಲ ಅದುರಿತು. ಮಕ್ಕಳು ತಾಯಂದಿರ ಸೆರಗಿನ ಹಿಂದೆ ಸರಿದರು. ನಾನೂ ಒಂದು ಹೆಜ್ಜೆ ಹಿಂದೆ ಸರಿದೆ. ಇದನ್ನು ಶೈಕ್ಷಣಿಕವಾಗಿ ಸಮರ್ಥಿಸಲಾರೆ.

ಕುಣಿತ ಏರಿದಂತೆ ಸೋಮ ಅಜ್ಜನ ಮೈಮೇಲೆ ಬಂದ. ಡೋಲು ನಿಂತಿತು. ಗೌಡರು ಅಂಗಳದ ಮಧ್ಯಕ್ಕೆ ಬಂದು ಮೊಣಕಾಲೂರಿದರು.

“ತೆಪ್ಪಾಯ್ತು ನನ್ನಪ್ಪಾ. ಮೈಕ್ ಕೊಟ್ರು, ಬಾಯ್ ಜಾರ್ತು. ಆ ತೆಪ್ಪಿಗೆ ಮಗೀನ್ ಮದ್ವೆ ನಿಲ್ಲಿಸ್ಬ್ಯಾಡ.”

ಸೋಮ ಕೈಯಲ್ಲಿದ್ದ ಬೆತ್ತವನ್ನು ಮೆಲ್ಲಗೆ ತಿರುಗಿಸಿ ಮಣೆಯ ಮೇಲಿದ್ದ ಹೊಸ ಮುಖವಾಡಕ್ಕೆ ಮುಟ್ಟಿಸಿದ. ಮುಖವಾಡದೊಳಗಿನಿಂದ ದನಿ ಬಂತು. ಅದು ಅಜ್ಜನ ದನಿಯಂತಿರಲಿಲ್ಲ.

“ಅರಿಶ್ಣ ಕುಟ್ಟಿ. ಇನ್ಮೇಲೆ ಇವ್ನು ಕುಣೀತಾನೆ.”

ಅಂಗಳ ಒಮ್ಮೆಲೇ ಉಸಿರು ಬಿಟ್ಟಿತು. ಯಗಟಿಯ ಹಿರಿಯರು ಚೀಲದಿಂದ ಎದ್ದು ಕೈಮುಗಿದರು. ಒಳಮನೆಯಿಂದ ಒನಕೆಯ ಸದ್ದು ಆಗಲೇ ಆರಂಭವಾಯಿತು. ಮದುಮಗಳು ಬಾಗಿಲ ಚೌಕಟ್ಟಿಗೆ ಹಣೆ ಒತ್ತಿಕೊಂಡು ನಿಂತಳು. ಅವಳ ಭುಜ ಅಲುಗುತ್ತಿತ್ತು, ಅಳುವೋ ನಗುವೋ ತಿಳಿಯಲಿಲ್ಲ. ಕೆಲಸ ಆಯಿತೆಂದು ನಾನು ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡೆ.

ಗೌಡರು ಮಾತ್ರ ಏಳಲಿಲ್ಲ. ಮಗಳ ದಾರಿ ಸುಗಮವಾಗಿತ್ತು, ಆದರೆ ಅವರ ತಪ್ಪು ಇನ್ನೂ ಗಾಜಿನೊಳಗೇ ಇತ್ತು. ಅವರು ಎರಡೂ ಕೈ ಚಾಚಿ, ಇವನು ಕುಣಿಯಲಿ, ನೀನು ಗುಡಿಯಲ್ಲಿ ಸುಮ್ಮನೆ ಇರು, ಕೋರ್ಟು ಕಚೇರಿ ಅಲೆದಾದರೂ ನಿನ್ನನ್ನು ಬಿಡಿಸಿಕೊಂಡು ಬರುತ್ತೇನೆ ಎಂದರು. ಅವರ ಕಣ್ಣಲ್ಲಿ ನೀರಿತ್ತು.

“ಬ್ಯಾಡ. ನಾನ್ ಅಲ್ಲಿಗೇ ಹೋಯ್ತೀನಿ.”

ಜನ ಬೆರಗಾದರು. ನಾನು ಬುಟ್ಟಿಯ ಮೇಲಿನ ಕೈ ತೆಗೆದೆ.

“ಯಾಕ್ ನನ್ನಪ್ಪಾ,” ಎಂದರು ಗೌಡರು, “ನಮ್ಮಿಂದ ಏನ್ ಕಮ್ಮಿ ಆಯ್ತು?”

ಸೋಮ ಸುತ್ತಲೂ ಒಮ್ಮೆ ಮುಖ ತಿರುಗಿಸಿದ. ಮಳೆ ಕೇಳಿದವರು, ಮಗು ಕೇಳಿದವರು, ಕಳೆದ ಎಮ್ಮೆ ಕೇಳಿದವರು, ಭಾವಮೈದುನನ ಮೇಲಿನ ಮೊಕದ್ದಮೆ ಗೆಲ್ಲಿಸೆಂದು ಕೇಳಿದವರು, ಎಲ್ಲರೂ ಅಲ್ಲೇ ಇದ್ದರು.

“ಅಲ್ಲಿ ಬಂದೋರು ನೋಡ್ತಾರೆ, ಹೋಯ್ತಾರೆ. ಒಬ್ರೂ ಏನೂ ಕೇಳಾಕಿಲ್ಲ,” ಎಂದ ಸೋಮ. “ವಾರುಕ್ಕೊಂದ್ ದಿನ ಬಾಗ್ಲು ಹಾಕ್ತಾರೆ. ನೀವ್ ಯಾವತ್ತಾರ ಹಾಕಿದ್ರೇನ್ರೋ?”